11.42 ಲಕ್ಷದ ಆನ್‌ರೋಡ್ ಕೋಟೇಶನ್: ಇದ್ರಾಗ ಎಲ್ಲೆಲ್ಲಿ ಇಳಸಬಹುದ್ರಿ?

ಗಾಡಿಬೇಕು_ಕೆಎ22
ಬೆಳಗಾವಿಯ ಒಂದು ಶೋರೂಮಿನ ಕೋಟೇಶನ್ ಕೈಯಾಗ ಐತಿ. ಪೆಟ್ರೋಲ್, 1197 ಸಿಸಿ, ನಾಲ್ಕು ಮೀಟರ್ ಒಳಗಿನ ಗಾಡಿ. ಇದ್ದದ್ದು ಇದ್ದಂಗ ಹಾಕ್ತೇನಿ:

ಎಕ್ಸ್-ಶೋರೂಮ್: 8,90,000
ಆರ್‌ಟಿಓ: 1,52,000
ಇನ್ಶೂರೆನ್ಸ್: 52,000
ಹ್ಯಾಂಡ್ಲಿಂಗ್ ಮತ್ತು ಲಾಜಿಸ್ಟಿಕ್ಸ್: 7,500
ಬೇಸಿಕ್ ಕಿಟ್: 18,000
ಟೆಫ್ಲಾನ್, ಅಂಡರ್‌ಬಾಡಿ ಕೋಟಿಂಗ್: 8,500
ಎಕ್ಸ್‌ಟೆಂಡೆಡ್ ವಾರಂಟಿ: 14,000
ಫಾಸ್ಟ್ಯಾಗ್: 600
ಒಟ್ಟು: 11,42,600

ಎಷ್ಟು ಬಿಡ್ತೀರಿ ಅಂತ ಕೇಳಿದ್ರ "15,000 ರೂಪಾಯಿ ಆಕ್ಸೆಸರೀಸ್ ಫ್ರೀ ಕೊಡ್ತೀವ್ರಿ, ಈ ವಾರದಾಗ ಬುಕ್ ಮಾಡ್ರಿ" ಅಂತಾರ. 6 ಲಕ್ಷ ಸಾಲ ಮಾಡೂದೈತಿ, ಹಳೇ ಗಾಡಿ ಎಕ್ಸ್‌ಚೇಂಜ್ ಕೊಡೂದೈತಿ. ಎಲ್ಲಿ ಹಿಡೀಬೇಕು, ಎಲ್ಲಿ ಬಿಡಬೇಕು? ಕೊಲ್ಲಾಪುರಕ್ಕ ಹೋದ್ರ ಏನರ ಫಾಯದೆ ಐತೇನ್ರಿ?

ಮುಧೋಳ_ರಸ್ತೆ
ಒಟ್ಟು ಎಷ್ಟು ಬಿಡ್ತೀರಿ ಅಂತ ಕೇಳೂದಽ ತಪ್ಪು ಅಣ್ಣಾರ. ಹಂಗ ಕೇಳಿದ್ರ ಒಂದು ಕಡೆ 15 ಸಾವಿರ ಇಳಿಸಿ, ಇನ್ನೊಂದು ಕಡೆ 60 ಸಾವಿರ ಉಳಿಸ್ಕೋತಾರ. ಕೋಟೇಶನ್ ಮ್ಯಾಲೆ ಪೆನ್ನು ಹಿಡ್ಕೊಂಡು ಒಂದೊಂದು ಸಾಲಿಗೆ ಒಂದೊಂದು ಪ್ರಶ್ನೆ ಕೇಳ್ರಿ. ಡಿಸ್ಕೌಂಟಿನ ಮಾತು ಕಟ್ಟಕಡೀಗೆ. ಬ್ಯಾಡಾದ ಸಾಲು ಹೊಡೆದು ಹಾಕೂ ತನಕ ಡಿಸ್ಕೌಂಟ್ ಅಂಬೂ ಶಬ್ದಾನಽ ತೆಗೀಬ್ಯಾಡ್ರಿ.

ಲೆಕ್ಕದ_ಮಾಸ್ತರ
ಆರ್‌ಟಿಓ ಸಾಲಿನಿಂದ ಶುರು ಮಾಡೋಣ. ಅದು ಲೆಕ್ಕ, ಅಲ್ಲಿ ಚೌಕಾಶಿಗೆ ಜಾಗವೇ ಇಲ್ಲ.

ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಲೈಫ್‌ಟೈಮ್ ಟ್ಯಾಕ್ಸ್ 5 ಲಕ್ಷದವರೆಗೆ 13%, 5ರಿಂದ 10 ಲಕ್ಷಕ್ಕೆ 14%, 10ರಿಂದ 20 ಲಕ್ಷಕ್ಕೆ 17%, ಅದರ ಮೇಲೆ 18%. ಆ ಟ್ಯಾಕ್ಸಿನ ಮೇಲೆ 11% ಸೆಸ್. ಅಂದರೆ ನಿಮ್ಮ ಗಾಡಿಗೆ 14 ಅಲ್ಲ, 15.54%. 8,90,000ಕ್ಕೆ 1,38,306 ರೂಪಾಯಿ. ನೋಂದಣಿ ಫೀ 600, ಸಾಲ ಇರುವುದರಿಂದ ಹೈಪಾಥಿಕೇಶನ್ (ಗಾಡಿ ಬ್ಯಾಂಕಿಗೆ ಅಡವು ಅಂತ ಆರ್‌ಸಿಯಲ್ಲಿ ನಮೂದಿಸುವುದು) 1,500, ಸ್ಮಾರ್ಟ್ ಕಾರ್ಡ್ 200, ಇನ್ನೊಂದಿಷ್ಟು ಸಣ್ಣಪುಟ್ಟದ್ದು. ಎಲ್ಲ ಕೂಡಿ ಮೂರ್ನಾಲ್ಕು ಸಾವಿರ ಹಿಡಿಯಿರಿ. 1,42,000ಕ್ಕಿಂತ ಮೇಲೆ ಹೋಗುವುದಿಲ್ಲ.

ಅವರು ಬರೆದಿದ್ದು 1,52,000. ಮಿಕ್ಕ ಹತ್ತು ಸಾವಿರ ಏನು ಅಂತ ಕೇಳಿ. "ಏಜೆಂಟ್ ಖರ್ಚು", "ಆರ್‌ಟಿಓ ಓಡಾಟ" ಅನ್ನಬಹುದು. ಪೂರ್ತಿ ತಯಾರಾಗಿ ಬಂದ ಹೊಸ ಕಾರಿನ ನೋಂದಣಿಗೆ ಡೀಲರ್ ತಮ್ಮ ಕಂಪ್ಯೂಟರಿನಿಂದಲೇ ಕಾಗದಪತ್ರ ಹಾಕುತ್ತಾರೆ, ಟ್ಯಾಕ್ಸ್ ಆನ್‌ಲೈನ್ ಕಟ್ಟುತ್ತಾರೆ. ಗಾಡಿ ಆರ್‌ಟಿಓ ಅಂಗಳಕ್ಕೆ ತಪಾಸಣೆಗೆ ಹೋಗಬೇಕಾಗಿಯೂ ಇಲ್ಲ. "ಟ್ಯಾಕ್ಸ್ ರಸೀದಿಯಲ್ಲಿ ಎಷ್ಟಿದೆಯೋ ಅಷ್ಟು ಕೊಡುತ್ತೇನೆ, ಅಂತ ಬುಕಿಂಗ್ ಫಾರ್ಮಿನಲ್ಲಿ ಬರೆಯಿರಿ" ಅನ್ನಿ. ಆ ಒಂದು ಸಾಲು ಬರೆಸಿದರೆ ಸಾಕು.

ಗೋಳಗುಮ್ಮಟ_28
ಸರ್, ಅಷ್ಟು ರೊಕ್ಕ ಕೊಡೂದಿದ್ರ ಇನ್ನೊಂದು ಲಕ್ಷ ಹಾಕಿ ಟಾಪ್ ಮಾಡೆಲ್ ತಗೋರಿ. ಸನ್‌ರೂಫ್ ಬರ್ತದ.

ಲೆಕ್ಕದ_ಮಾಸ್ತರ
ಒಂದು ಲಕ್ಷದಲ್ಲಿ ಮುಗಿಯುವುದಿಲ್ಲ. 9,99,000ದ ಗಾಡಿಗೆ ಟ್ಯಾಕ್ಸ್ 1,55,245. 10,05,000 ಆದ ಕೂಡಲೇ 17%ಕ್ಕೆ ಜಿಗಿದು ಸೆಸ್ ಸೇರಿ 1,89,644. ಬೆಲೆಯಲ್ಲಿ ಆರು ಸಾವಿರ ಹೆಚ್ಚು, ಟ್ಯಾಕ್ಸಿನಲ್ಲಿ 34 ಸಾವಿರ ಹೆಚ್ಚು. ಅದರ ಮೇಲೆ 10 ಲಕ್ಷ ದಾಟಿದ ಗಾಡಿಗೆ 1% ಟಿಸಿಎಸ್, ಅಂದರೆ ಮಾರುವವರೇ ನಿಮ್ಮಿಂದ ವಸೂಲು ಮಾಡಿ ಕಟ್ಟುವ ಆದಾಯ ತೆರಿಗೆ. ಅದು ರಿಟರ್ನ್ ಹಾಕಿದರೆ ಲೆಕ್ಕಕ್ಕೆ ಬರುತ್ತದೆ ನಿಜ, ಆದರೆ ಈಗ ಕೈಯಿಂದ ಕೊಡಬೇಕು. 9.80ರಿಂದ 10.30ರ ನಡುವಿನ ವೇರಿಯಂಟ್ ನೋಡುವವರು ಈ ಗೆರೆಯನ್ನು ಮೊದಲು ನೋಡಬೇಕು.

ನವನಗರ_29
ಸನ್‌ರೂಫ್ ನಮ್ಮ ಕಡೆ ಬಿಸಲಿಗೆ, ಧೂಳಿಗೆ ಯಾಕ್ ಬೇಕ್ರಿ? ರಬ್ಬರ್ ಬೀಡಿಂಗಿನ್ಯಾಗ ಮಣ್ಣು ಕುಂತು ನೀರ ಹೋಗೂ ತೂತು ಕಟ್ಟಿಕೊಂಡ್ರ ಮಳಿಗಾಲದಾಗ ಒಳಗ ಸೋರ್ತೈತಿ. ವರ್ಷಕ್ಕ ಎರಡು ಸಲ ಆ ಡ್ರೇನ್ ಪೈಪ್ ಸ್ವಚ್ಛ ಮಾಡಿಸಬೇಕು. ಅದರ ಬದಲಿ ಹಿಂದಿನ ಸೀಟಿಗೆ ಎಸಿ ವೆಂಟ್ ಇದ್ದ ಮಾಡೆಲ್ ತಗೊಂಡ್ರ ಏಪ್ರಿಲ್ ತಿಂಗಳದಾಗ ಪುಣ್ಯ ಬರ್ತೈತಿ.

ಖಾನಾಪುರ_ದಾರಿ
ಇನ್ಶೂರೆನ್ಸಿಗೆ ಬರೋಣು. 52,000 ಅಂತ ಒಂದಽ ಅಂಕಿ ನೋಡಿ ಹೌಹಾರಬ್ಯಾಡ್ರಿ, ಒಡೆದು ನೋಡ್ರಿ.

ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ (ನಿಮ್ಮ ಗಾಡಿಯಿಂದ ಬ್ಯಾರೆಯವರಿಗೆ ಆದ ನುಕ್ಸಾನಿನ ವಿಮಾ) ಕಡ್ಡಾಯ, 2018ರ ಸೆಪ್ಟೆಂಬರಿನಿಂದ. ಅದರ ದರ ಸರಕಾರ ಗೊತ್ತು ಮಾಡಿದ್ದು: 1000 ಸಿಸಿ ಒಳಗ 6,521, 1000ರಿಂದ 1500 ಸಿಸಿಗೆ 10,640, ಅದರ ಮ್ಯಾಲೆ 24,596. ನಿಮ್ಮದು 10,640, ಜಿಎಸ್‌ಟಿ ಸೇರಿ 12,555. ಇದು ಎಲ್ಲಾ ಕಂಪನೀಲೂ ಅಷ್ಟಽ, ಒಂದು ರೂಪಾಯಿ ಇಳಿಯೂದಿಲ್ಲ.

ಉಳಿದ ಸುಮಾರು 39 ಸಾವಿರ ಓನ್ ಡ್ಯಾಮೇಜ್ (ನಿಮ್ಮ ಗಾಡಿಗಽ ಆದ ನುಕ್ಸಾನಿನ ವಿಮಾ) ಮತ್ತು ಆಡ್-ಆನ್ (ಮ್ಯಾಲೆ ಸೇರಿಸೂ ಕವರ್). ಚೌಕಾಶಿ ನಡಿಯೂದು ಇಲ್ಲಿ. ಓನ್ ಡ್ಯಾಮೇಜಿನ ಮ್ಯಾಲೆ ಕಂಪನಿಗಳು ದೊಡ್ಡ ರಿಯಾಯ್ತಿ ಕೊಡ್ತಾವು. ಡೀಲರ್ ಪಾಲಿಸಿಯೊಳಗ ಆ ರಿಯಾಯ್ತಿ ಭಾಳ ಕಮ್ಮಿ ಹಾಕಿರ್ತಾರ, ಯಾಕಂದ್ರ ಅವರ ಕಮಿಷನ್ ಬರೂದೂ ಅಲ್ಲಿಂದಽ.

ಹೊರಗ ಎರಡು ಕೋಟೇಶನ್ ತಗೋರಿ. ಆದ್ರ ಅದಽ ಐಡಿವಿ (ಗಾಡಿ ಕಳುವಾದ್ರ, ಪೂರಾ ಹಾಳಾದ್ರ ಕಂಪನಿ ಕೊಡೂ ಮೊತ್ತ), ಅದಽ ಆಡ್-ಆನ್ ಇರಬೇಕು. ಹೊಸ ಗಾಡಿಗೆ ಐಡಿವಿ ಎಕ್ಸ್-ಶೋರೂಮಿನ 95%, ಅಂದ್ರ ನಿಮಗ 8,45,500. ಹೊರಗಿನವ 7.60 ಲಕ್ಷ ಐಡಿವಿ ಹಾಕಿ "ಭಾಳ ಸೋವಿ" ಅಂದ್ರ ಅದು ಸೋವಿ ಅಲ್ಲ. ಗಾಡಿ ಕಳುವಾದ್ರ 85 ಸಾವಿರ ನಿಮ್ಮ ಕೈಯಿಂದ ಹೋದಂಗ.

ಆಡ್-ಆನ್ ಒಳಗ ಝೀರೋ ಡೆಪ್ (ಬದಲಿಸಿದ ಪಾರ್ಟಿನ ಸವಕಳಿ ಕಡಿತ ಮಾಡದ ಕವರ್) ಇರಲಿ. ನಿಮ್ಮ ಕಡೆ ಮಳಿ ಜಾಸ್ತಿ, ಎಂಜಿನ್ ಪ್ರೊಟೆಕ್ಟೂ ಇರಲಿ. ನೀರು ಹೊಕ್ಕ ಎಂಜಿನ್ನು ಸಾದಾ ಪಾಲಿಸಿಯೊಳಗ ಬರೂದಿಲ್ಲ. ಕೀ ರಿಪ್ಲೇಸ್‌ಮೆಂಟ್, ಸಾಮಾನು ಕಳುವಿನ ಕವರ್ ತೆಗೆಸ್ರಿ. 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ನಿಮ್ಮ ಇನ್ನೊಂದು ಗಾಡಿ ಮ್ಯಾಲೆ ಮೊದಲಽ ಇದ್ರ ಮತ್ತ ಬ್ಯಾಡ. ಅದು ಮಾಲಕಗ ಒಂದು, ಗಾಡಿಗೊಂದು ಅಲ್ಲ.

ಗೋಳಗುಮ್ಮಟ_28
ಹೊರಗಿನ ಇನ್ಶೂರೆನ್ಸ್ ತಗೊಂಡ್ರ ಶೋರೂಮಿನ್ಯಾಗ ಕ್ಯಾಶ್‌ಲೆಸ್ ಮಾಡೂದಿಲ್ಲ ಅಂತಾರಲ್ಲ?

ಖಾನಾಪುರ_ದಾರಿ
ಆ ಮಾತು ಅರ್ಧ ಖರೆ. ಕ್ಯಾಶ್‌ಲೆಸ್ ಆಗೂದು ಇನ್ಶೂರೆನ್ಸ್ ಕಂಪನಿ ಮತ್ತ ವರ್ಕ್‌ಶಾಪಿನ ಒಪ್ಪಂದದ ಮ್ಯಾಲೆ. ಪಾಲಿಸಿ ಯಾರು ಮಾರಿದ್ರು ಅಂಬೂದರ ಮ್ಯಾಲಲ್ಲ. ಡೀಲರ್ ಕಡೆನಽ ತಗೋಬೇಕು ಅಂತ ಒತ್ತಾಯ ಮಾಡಾಕ ವಿಮಾ ನಿಯಮದಾಗ ಅವಕಾಶ ಇಲ್ಲ.

ನವನಗರ_29
ಒಪ್ಪಿದೆ, ಆದ್ರ ಒಂದು ಮಾತು ಸೇರಿಸ್ತೇನಿ. ಬೆಳಗಾವಿ, ಹುಬ್ಬಳ್ಳಿಯಾಗ ವರ್ಕ್‌ಶಾಪ್ ನಾಕೈದು ಇರ್ತಾವು. ಬಾಗಲಕೋಟಿ, ಜಮಖಂಡಿ ಕಡೆ ಒಂದು ಬ್ರ್ಯಾಂಡಿಗೆ ಒಂದಽ ವರ್ಕ್‌ಶಾಪ್. ಅದರ ಕೂಡ ಟೈಅಪ್ ಇಲ್ಲದ ಕಂಪನಿ ಪಾಲಿಸಿ ತಗೊಂಡ್ರ ಬಿಲ್ ಪೂರಾ ನೀವು ಕಟ್ಟಿ ಆಮ್ಯಾಲೆ ಕ್ಲೇಮ್ ಹಾಕಬೇಕು. ಬಂಪರ್, ಹೆಡ್‌ಲೈಟ್, ರೇಡಿಯೇಟರ್ ಹೋದ್ರಽ ಲಕ್ಷದ ಮಾತು. ಅದಕ್ಕ ಸರ್ವಿಸ್ ಕೌಂಟರಿಗೆ ಹೋಗಿ, ಸೇಲ್ಸ್ ಕೌಂಟರಿಗಲ್ಲ, "ಯಾವ್ಯಾವ ಕಂಪನಿ ಕ್ಯಾಶ್‌ಲೆಸ್ ಐತ್ರಿ" ಅಂತ ಕೇಳ್ರಿ. ಆ ಯಾದಿಯೊಳಗಿನ ಕಂಪನಿದಽ ಪಾಲಿಸಿ ಹೊರಗಿನಿಂದ ತಗೋರಿ. ಕಾಟಾನೂ ಇಲ್ಲ, ನುಕ್ಸಾನೂ ಇಲ್ಲ.

ಖಾನಾಪುರ_ದಾರಿ
ಇದು ಪಕ್ಕಾ ಮಾತು. ಹಳೇ ಗಾಡಿ ಮ್ಯಾಲಿನ ನೋ ಕ್ಲೇಮ್ ಬೋನಸ್ಸೂ ಮರೀಬ್ಯಾಡ್ರಿ. ಅದು ಗಾಡೀದಲ್ಲ, ಮಾಲಕಂದು. ಐದು ವರ್ಷ ಕ್ಲೇಮ್ ಇಲ್ಲಂದ್ರ 50%, ಹೊಸ ಗಾಡಿ ಓನ್ ಡ್ಯಾಮೇಜಿನಾಗ ಕಡಿತ ಆಗ್ತೈತಿ. ಹಳೇ ಗಾಡಿ ಮಾರಿದ ಕಾಗದ ತೋರಿಸಿ ಹಳೇ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ತಗೋಬೇಕು, 3 ವರ್ಷ ನಡೀತೈತಿ. ಕೇಳದಿದ್ರ ಯಾವ ಸೇಲ್ಸ್‌ಮನ್ನೂ ತಾನಾಗಿ ಹೇಳೂದಿಲ್ಲ.

ಮುಧೋಳ_ರಸ್ತೆ
ಹ್ಯಾಂಡ್ಲಿಂಗ್ 7,500: ಪೂರಾ ಹೊಡೆದು ಹಾಕ್ರಿ. ಫ್ಯಾಕ್ಟರಿಯಿಂದ ಶೋರೂಮಿಗೆ ಗಾಡಿ ತರೂ ಖರ್ಚು ಎಕ್ಸ್-ಶೋರೂಮ್ ಬೆಲೆಯಾಗಽ ಬಂತು.

ಬೇಸಿಕ್ ಕಿಟ್ 18,000: ಅದ್ರಾಗ ಏನೇನೈತಿ, ಒಂದೊಂದರ ರೇಟ್ ಬರೆಸ್ರಿ. ಮ್ಯಾಟ್, ಮಡ್‌ಫ್ಲ್ಯಾಪ್, ಸೀಟ್ ಕವರ್, ಡೋರ್ ವೈಸರ್, ಬಾಡಿ ಕವರ್, ಸ್ಟಿಯರಿಂಗ್ ಕವರ್, ಪರ್ಫ್ಯೂಮ್ ಅಂತ ಬರ್ತಾವು. ಬೇಕಾಗೂದು ಮೊದಲಿನ ಎರಡು. "ಕಿಟ್ ಕಡ್ಡಾಯ" ಅಂದ್ರ "ಕಂಪನಿಯ ಪ್ರೈಸ್ ಲಿಸ್ಟಿನ್ಯಾಗ ತೋರಸ್ರಿ" ಅನ್ರಿ.

ಟೆಫ್ಲಾನ್ ಬ್ಯಾಡ. ಹೊಸ ಪೇಂಟಿಗೆ ಕಂಪನಿ ವಾರಂಟಿ ಐತಿ, ಆ ಪಾಲಿಶ್ ಕೆಲವೇ ತಿಂಗಳದಾಗ ಹೋಗ್ತೈತಿ. ಅಂಡರ್‌ಬಾಡಿ ಬೇಕಾದ್ರ ಹೊರಗ ಮಾಡಿಸ್ರಿ, ಆದ್ರ ಸೈಲೆನ್ಸರ್ ಮತ್ತ ನೀರ ಹೊರಗ ಹೋಗೂ ತೂತಿನ ಮ್ಯಾಲೆ ಹೊಡೀಬಾರದು. ಅವಸರದಾಗ ಹೊಡದ್ರ ಅವನ್ನಽ ಮುಚ್ಚತಾರ, ಆಮ್ಯಾಲೆ ಒಳಗ ನೀರು ನಿಂತು ತುಕ್ಕು ಹಿಡೀತೈತಿ.

ಎಕ್ಸ್‌ಟೆಂಡೆಡ್ ವಾರಂಟಿ ಮಾತ್ರ ಕೆಲಸದ್ದು. ಟರ್ಬೊ ಅಥವಾ ಆಟೋಮ್ಯಾಟಿಕ್ ಇದ್ರ ಬಿಡಬ್ಯಾಡ್ರಿ. ಕಂಪನೀದಽ ಇರಬೇಕು, ಡೀಲರ್ ಸ್ವಂತದ್ದಲ್ಲ. ಮೂಲ ವಾರಂಟಿ ಮುಗಿಯೂ ಮೊದಲು ಯಾವಾಗ ಬೇಕಾದ್ರೂ ತಗೋಬಹುದು, ದಿನ ಹೋದಂಗ ರೇಟ್ ಏರ್ತೈತಿ ಅಷ್ಟಽ.

ಗಡಿನಾಡ_ಗಾಳಿ
ಫ್ರೀ ಆಕ್ಸೆಸರೀಸ್ ಅಂದ್ರ ಎಂಆರ್‌ಪಿ ಲೆಕ್ಕ. ಅವರಿಗೆ ಬೀಳೂದು ಅದರ ಅರ್ಧ. 15 ಸಾವಿರದ ಸಾಮಾನು ಬ್ಯಾಡ, 10 ಸಾವಿರ ಕ್ಯಾಶ್ ಡಿಸ್ಕೌಂಟ್ ಕೊಡ್ರಿ ಅಂದ್ರೂ ನಿಮಗಽ ಲಾಭ.

ಹಿಪ್ಪರಗಿ_ಅಕ್ಕ
ಡಿಸ್ಕೌಂಟ್ ಎಲ್ಲಿಂದ ಬರುತ್ತದೆ ಅನ್ನೋದು ಗೊತ್ತಿದ್ದರೆ ಕೇಳುವುದು ಸುಲಭ. ಒಂದು, ಕಂಪನಿ ಆ ತಿಂಗಳು ಬಿಟ್ಟ ಸ್ಕೀಮ್. ಎರಡು, ಎಕ್ಸ್‌ಚೇಂಜ್ ಬೋನಸ್. ಮೂರು, ಕಾರ್ಪೊರೇಟ್ ಅಥವಾ ರೂರಲ್ ಸ್ಕೀಮ್. ಶಿಕ್ಷಕರು, ಪೊಲೀಸರು, ಸರಕಾರಿ ನೌಕರರಾದರೆ ಐಡಿ ಕಾರ್ಡ್, ಸಂಬಳದ ಚೀಟಿ. ಕೆಲವು ಕಂಪನಿಗಳಲ್ಲಿ ರೈತರಿಗೆ ಹೊಲದ ಉತಾರ ತೋರಿಸಿದರೆ ಬೇರೆ ರಿಯಾಯ್ತಿ. ಇವು ಮೂರೂ ಕಂಪನಿಯ ಹಣ, ಡೀಲರಿಗೆ ಕೊಡಲು ನೋವಿಲ್ಲ. ನಾಲ್ಕನೆಯದು ಡೀಲರಿನ ಸ್ವಂತ ಮಾರ್ಜಿನ್. ಅದೇ ಸಾಧಾರಣವಾಗಿ 3ರಿಂದ 5%, ಅದರಲ್ಲಿ ಬಾಡಿಗೆ, ಪಗಾರ, ಸ್ಟಾಕಿನ ಬಡ್ಡಿ ಎಲ್ಲ ಹೋಗಬೇಕು. ಹಾಗಾಗಿ 8.9 ಲಕ್ಷದ ಗಾಡಿಗೆ ಒಂದು ಲಕ್ಷ ಬಿಡಿ ಅಂತ ಹಟ ಹಿಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಮೊದಲ ಮೂರನ್ನು ಪೂರ್ತಿ ತೆಗೆಸಿ, ನಾಲ್ಕನೆಯದಕ್ಕೆ 8ರಿಂದ 12 ಸಾವಿರ ಕೇಳಿ.

ಗಡಿನಾಡ_ಗಾಳಿ
ಮನ್ಯಾಗ ಅಪ್ಪಾರೋ ಕಾಕಾರೋ ಮಾಜಿ ಸೈನಿಕರಿದ್ರ ಮಿಲಿಟರಿ ಕ್ಯಾಂಟೀನ್ ರೇಟ್ ಮೊದಲ ನೋಡ್ರಿ. ಬೆಳಗಾವಿ ಜಿಲ್ಲಾದಾಗ ಹಂಥಾ ಮನಿ ಭಾಳ ಅದಾವು. ಆದ್ರ ಗಾಡಿ ಅವರ ಹೆಸರಿಗಽ ಆಗಬೇಕು.

ಗೋಳಗುಮ್ಮಟ_28
ಆಷಾಢ ಬರಲಿ ಅಂತ ಕಾಯ್ರಿ. ಶೋರೂಮ್ ಖಾಲಿ ಇರ್ತದ, ತಾವಽ ಫೋನ್ ಹಚ್ಚತಾರ.

ನವನಗರ_29
ಆಷಾಢಕ್ಕಿಂತ ಡಿಸೆಂಬರ್ ಛಲೋ. ಅರ್ಧ ತಿಂಗಳ ಆದಮ್ಯಾಲೆ ಧನುರ್ಮಾಸ ಬಂತು, ಜನ ಗಾಡಿ ತಗೊಳ್ಳೂದಿಲ್ಲ. ಅದಽ ಹೊತ್ತಿಗೆ ವರ್ಷ ಮುಗೀತೈತಿ, ಉಳಿದ ಸ್ಟಾಕ್ ಜನವರಿಗೆ "ಹೋದ ವರ್ಷದ ಮಾಡೆಲ್" ಆಕ್ಕೈತಿ. ಎರಡೂ ಕೂಡಿ ಬರೂದು ಆಗಷ್ಟಽ. ದಸರಾ, ದೀಪಾವಳಿ ಪಾಡ್ಯಕ್ಕ ಮಾತ್ರ ಹೋಗಬ್ಯಾಡ್ರಿ. ಕಬ್ಬಿನ ಬಿಲ್ ಬಂದ ಹೊತ್ತಿನ್ಯಾಗೂ ಅಷ್ಟಽ. ಸಾಲು ಹಚ್ಚಿ ನಿಂತವರಿಗೆ ಯಾರು ಬಿಡ್ತಾರು?

ಹಿಪ್ಪರಗಿ_ಅಕ್ಕ
ಒಂದು ಎಚ್ಚರ ತಮ್ಮಾ. ಡಿಸೆಂಬರಿನಲ್ಲಿ ತಯಾರಾದ ಗಾಡಿ ಜನವರಿಯಲ್ಲಿ ನೋಂದಣಿಯಾದರೂ ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಬರುತ್ತದೆ. ಮಾರುವಾಗ ಗಿರಾಕಿ ಅದನ್ನೇ ನೋಡುತ್ತಾನೆ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದು ದೊಡ್ಡ ಮಾತಲ್ಲ, ಮೂರು ವರ್ಷಕ್ಕೆ ಬದಲಿಸುವವರಿಗೆ ಡಿಸ್ಕೌಂಟು ಅಲ್ಲೇ ವಾಪಸ್ ಹೋಗುತ್ತದೆ.

ಇನ್ನು ಆಷಾಢದಲ್ಲಿ ಬಿಲ್ ಮಾಡಿಸಿ ಶ್ರಾವಣದಲ್ಲಿ ಗಾಡಿ ತರುವವರಿಗೆ: ಸ್ಕೀಮ್ ಬಿಲ್ಲಿನ ತಾರೀಕಿಗೆ ಸಿಗುತ್ತದೆ ಸರಿ, ಆದರೆ ಇನ್ಶೂರೆನ್ಸ್ ದಿನವೂ ಅಂದಿನಿಂದಲೇ ಓಡುತ್ತದೆ. ಗಾಡಿ ಯಾರ್ಡಿನಲ್ಲಿ ಮಳೆಯಲ್ಲಿ ನಿಲ್ಲುತ್ತದೆ. ಎಂಟು ಹತ್ತು ದಿನ ಪರವಾಗಿಲ್ಲ, ತಿಂಗಳುಗಟ್ಟಲೆ ಬೇಡ.

ಗಾಡಿಬೇಕು_ಕೆಎ22
ಭಾಳ ಉಪಕಾರ ಆತ್ರಿ. ಕೊಲ್ಲಾಪುರದ್ದು ಯಾರೂ ಹೇಳಲಿಲ್ಲ. ಅಲ್ಲಿ ಟ್ಯಾಕ್ಸ್ ಕಮ್ಮಿ ಅಂತಾರಲ್ಲ?

ಲೆಕ್ಕದ_ಮಾಸ್ತರ
ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ ಪೆಟ್ರೋಲ್ ಗಾಡಿಗೆ 11%, ಹೌದು. ಆದರೆ ಆ ಟ್ಯಾಕ್ಸ್ ಅಲ್ಲಿ ವಾಸ ಇರುವವರಿಗೆ. ನಿಮ್ಮ ವಿಳಾಸ ಬೆಳಗಾವಿ ಆದರೆ ಕೆಎ-22ರಲ್ಲೇ ನೋಂದಣಿ, ಇಲ್ಲಿನದೇ ಟ್ಯಾಕ್ಸ್. ಗಾಡಿ ಮಾತ್ರ ಕೊಲ್ಲಾಪುರದಿಂದ ತಾತ್ಕಾಲಿಕ ನೋಂದಣಿ ಮಾಡಿಸಿ, ಫಾರ್ಮ್ 21 (ಮಾರಾಟದ ಪತ್ರ), ಫಾರ್ಮ್ 22 (ತಯಾರಕರ ಯೋಗ್ಯತಾ ಪತ್ರ), ಬಿಲ್ಲು, ಇನ್ಶೂರೆನ್ಸ್ ಜೊತೆ ತರಬಹುದು. ಜಿಎಸ್‌ಟಿ ದೇಶಕ್ಕೆಲ್ಲ ಒಂದೇ. 2025ರ ಸೆಪ್ಟೆಂಬರ್ 22ರಿಂದ ನಿಮ್ಮಂಥ ಸಣ್ಣ ಗಾಡಿಗೆ 18%. ಹಾಗಾಗಿ ಎಕ್ಸ್-ಶೋರೂಮಿನಲ್ಲಿ ಹೇಳಿಕೊಳ್ಳುವಂಥ ಫರಕು ಇರುವುದಿಲ್ಲ.

ಗೆಳೆಯರ ವಿಳಾಸ ಕೊಟ್ಟು ಎಂಎಚ್-09 ಮಾಡಿಸುವ ದಾರಿ ಹಿಡಿಯಬೇಡಿ. ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟರೆ ಮರುನೋಂದಣಿ ಮಾಡಿಸಲೇಬೇಕು. ಅಲ್ಲಿಂದ ಎನ್‌ಓಸಿ, ಇಲ್ಲಿ ಮತ್ತೆ ಟ್ಯಾಕ್ಸ್, ಆಮೇಲೆ ಅಲ್ಲಿನ ಟ್ಯಾಕ್ಸ್ ವಾಪಸಿಗೆ ಓಡಾಟ.

ಮುಧೋಳ_ರಸ್ತೆ
ಕೊಲ್ಲಾಪುರ, ಹುಬ್ಬಳ್ಳಿ ಕೋಟೇಶನ್ ಉಪಯೋಗ ಬ್ಯಾರೆ ಐತಿ. ಅದಽ ವೇರಿಯಂಟ್, ಅದಽ ಬಣ್ಣದ್ದು ಬರವಣಿಗೆಯಾಗ ತಗೊಂಡು ಬೆಳಗಾವಿ ಸೇಲ್ಸ್ ಮ್ಯಾನೇಜರ್ ಮುಂದ ಇಡ್ರಿ. ಸೇಲ್ಸ್‌ಮನ್ ಮುಂದಲ್ಲ, ಅವನ ಕೈಯಾಗ ನಾಕೈದು ಸಾವಿರಕ್ಕಿಂತ ಜಾಸ್ತಿ ಇರೂದಿಲ್ಲ. ತಿಂಗಳ 26ನೇ ತಾರೀಕಿನ ಮ್ಯಾಲೆ ಹೋಗ್ರಿ. ಟಾರ್ಗೆಟ್‌ಗೆ ಎರಡು ಗಾಡಿ ಕಮ್ಮಿ ಬಿದ್ದಿದ್ರ ಅವರಽ ದಾರಿ ಹುಡಕತಾರ.

ಬ್ಯಾಂಕಿನ_ಕೌಂಟರ್
ಸಾಲದ ಬಗ್ಗೆ. ಶೋರೂಮಿನಲ್ಲಿ "ಬರೇ 6% ಬಡ್ಡಿ" ಅಂದರೆ ಫ್ಲಾಟೋ (ಕೊನೆತನಕ ಮೊದಲಿನ ಪೂರ್ತಿ ಸಾಲದ ಮೇಲೆ ಬಡ್ಡಿ) ರೆಡ್ಯೂಸಿಂಗೋ (ಉಳಿದ ಸಾಲದ ಮೇಲೆ ಮಾತ್ರ ಬಡ್ಡಿ) ಕೇಳಿ. 6 ಲಕ್ಷ, 5 ವರ್ಷ, 6% ಫ್ಲಾಟ್ ಅಂದರೆ ಬಡ್ಡಿ 1,80,000, ಕಂತು 13,000. ಬ್ಯಾಂಕಿನ 9% ರೆಡ್ಯೂಸಿಂಗಿಗೆ ಕಂತು 12,455. ಅಂದರೆ ಆ ಆರಕ್ಕಿಂತ ಈ ಒಂಬತ್ತೇ 32,700 ರೂಪಾಯಿ ಅಗ್ಗ. ಬಡ್ಡಿ ದರ ಕೇಳುವುದನ್ನು ಬಿಟ್ಟು ಕಂತು ಎಷ್ಟು, ಎಷ್ಟು ತಿಂಗಳು ಅಂತ ಕೇಳಿ ಗುಣಿಸಿ ನೋಡಿ.

"ನಮ್ಮ ಕಡೆ ಲೋನ್ ಮಾಡಿದ್ರ 10,000 ಡಿಸ್ಕೌಂಟ್" ಅನ್ನುವುದನ್ನೂ ಹಾಗೇ ಅಳೆಯಿರಿ. 9ಕ್ಕೂ 9.5ಕ್ಕೂ ಐದು ವರ್ಷದಲ್ಲಿ 8,760 ರೂಪಾಯಿ ಫರಕು. ಅದರ ಮೇಲೆ ಪ್ರೊಸೆಸಿಂಗ್ ಫೀ ಹೆಚ್ಚಿದ್ದರೆ ಡಿಸ್ಕೌಂಟ್ ಅಲ್ಲಿಗೇ ಕರಗಿತು. ಸಾಲದ ಜೊತೆ ಜೀವವಿಮೆ ಸೇರಿಸಿ ಕೊಡುತ್ತಾರೆ, ಅದು ಕಡ್ಡಾಯ ಅಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡ ಎಷ್ಟು ಅನ್ನುವುದನ್ನೂ ಸಹಿ ಮಾಡುವ ಮೊದಲೇ ಓದಿ.

ಉಳಿದದ್ದನ್ನು ನಗದು ಕೊಡುವವರು ನೆನಪಿಡಿ: ಒಂದು ಗಾಡಿಗೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಅವರು ತಗೊಳ್ಳುವ ಹಾಗಿಲ್ಲ, ಎರಡು ದಿನ ಮಾಡಿ ಒಡೆದು ಕೊಟ್ಟರೂ ಅಷ್ಟೇ. ಆರ್‌ಟಿಜಿಎಸ್ ಮಾಡಿ. ಬುಕಿಂಗ್ ಹಣವೂ ಡೀಲರಿನ ಕಂಪನಿ ಖಾತೆಗೇ ಹೋಗಬೇಕು. ಸೇಲ್ಸ್‌ಮನ್ನಿನ ಫೋನ್ ನಂಬರಿಗೆ 5,000 ಕೂಡ ಹಾಕಬೇಡಿ.

ನವನಗರ_29
ಎಕ್ಸ್‌ಚೇಂಜಿನ್ಯಾಗ ಒಂದು ಆಟ ನಡೀತೈತಿ. "30,000 ಬೋನಸ್" ಅಂತ ಕುಣಸ್ತಾರ, ಹಳೇ ಗಾಡಿ ಕಿಮ್ಮತ್ತು 50,000 ಇಳಸ್ತಾರ. ಹೊಸ ಗಾಡಿ ಮಾತು ಪೂರಾ ಮುಗಿಯೂ ತನಕ ಹಳೇ ಗಾಡಿ ವಿಷಯ ತೆಗೀಬ್ಯಾಡ್ರಿ. ಹೊರಗ ಎರಡು ಕಡೆ ತೋರಿಸಿ ರೇಟ್ ಗೊತ್ತು ಮಾಡ್ಕೋರಿ. ಕೊಟ್ಟಮ್ಯಾಲೆ ಫಾರ್ಮ್ 29, 30 (ಗಾಡಿ ಬ್ಯಾರೆಯವರ ಹೆಸರಿಗೆ ವರ್ಗ ಮಾಡೂ ಫಾರ್ಮ್) ಖಾಲಿ ಸಹಿ ಮಾಡಿ ಬಿಡಬ್ಯಾಡ್ರಿ, ತಾರೀಕು, ಟೈಮು ಬರೆದ ಡೆಲಿವರಿ ಚೀಟಿ ತಗೋರಿ. ಆರ್‌ಸಿ ವರ್ಗ ಆಗೂ ತನಕ ಅಪಘಾತ, ದಂಡ ಎಲ್ಲಾ ನಿಮ್ಮ ಹೆಸರಿಗಽ ಬರ್ತಾವು.

ಗಾಡಿಬೇಕು_ಕೆಎ22
ಹೊಸ ಕೋಟೇಶನ್ ಕೊಟ್ಟಾರ. ಆರ್‌ಟಿಓ 1,42,000, ರಸೀದಿ ಪ್ರಕಾರ ಅಂತ ಬರೆದಾರ. ಹ್ಯಾಂಡ್ಲಿಂಗ್, ಕೋಟಿಂಗ್ ಹೋದ್ವು. ಮ್ಯಾಟ್, ಮಡ್‌ಫ್ಲ್ಯಾಪ್ ಕೂಡಿ 3,200. ಹೊರಗಿನ ಇನ್ಶೂರೆನ್ಸ್ 36,800 ಇತ್ತು, ತೋರಿಸಿದ ಮ್ಯಾಲೆ ಅವರು 41,000ಕ್ಕ ಬಂದಾರ. ವಾರಂಟಿ 14,000, ಫಾಸ್ಟ್ಯಾಗ್ 600. ಕ್ಯಾಶ್ ಡಿಸ್ಕೌಂಟ್ 20,000. ಒಟ್ಟು 10,70,800. ಎಕ್ಸ್‌ಚೇಂಜ್ ಬ್ಯಾರೆ.

ಮುಧೋಳ_ರಸ್ತೆ
71,800 ಇಳೀತಲ್ರಿ! ಆ 20,000 ಬಿಲ್ಲಿನ್ಯಾಗಽ ಕಡಿತ ಆಗ್ತೈತೋ ಇಲ್ಲೋ ಕೇಳ್ರಿ. "ಆಮ್ಯಾಲೆ ಖಾತೆಗೆ ಹಾಕ್ತೀವಿ" ಅಂದ್ರ ಒಪ್ಪಬ್ಯಾಡ್ರಿ.

ಖಾನಾಪುರ_ದಾರಿ
ಇನ್ಶೂರೆನ್ಸ್ ಎರಡರ ಐಡಿವಿ ಒಂದಽ ಇದ್ರ ಹೊರಗಿಂದಽ ತಗೋರಿ, ಕ್ಯಾಶ್‌ಲೆಸ್ ಯಾದಿ ಮಾತ್ರ ನೋಡಿಕೊಂಡು.

ಹಿಪ್ಪರಗಿ_ಅಕ್ಕ
ಪೂರ್ತಿ ಹಣ ಕೊಡುವ ಮೊದಲು, ನೋಂದಣಿಗೆ ಹಾಕುವ ಮೊದಲು, ಚಾಸಿ ನಂಬರ್ ತೆಗೆದುಕೊಂಡು ಯಾರ್ಡಿಗೆ ಹೋಗಿ ಅದೇ ಗಾಡಿ ನೋಡಿ. ನೋಂದಣಿ ಆದಮೇಲೆ ಗೀರು ಕಂಡರೂ "ಪಾಲಿಶ್ ಮಾಡಿಕೊಡ್ತೀವಿ" ಅನ್ನುತ್ತಾರೆಯೇ ಹೊರತು ಗಾಡಿ ಬದಲಿಸುವುದಿಲ್ಲ. ಬಹುತೇಕ ಕಂಪನಿಗಳ ಚಾಸಿ ನಂಬರಿನ ಹತ್ತನೇ ಅಕ್ಷರ ವರ್ಷ ಹೇಳುತ್ತದೆ: 2024ಕ್ಕೆ ಆರ್, 2025ಕ್ಕೆ ಎಸ್, 2026ಕ್ಕೆ ಟಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, 3825 ಅಂದರೆ 2025ರ 38ನೇ ವಾರ. ಸ್ಟೆಪ್ನಿ ಸೇರಿ ಐದೂ ನೋಡಿ. ಎಲ್ಲ ಗಾಜಿನ ಮೇಲೂ ಒಂದೇ ಕಂಪನಿ ಗುರುತು ಇರಬೇಕು. ಒಂದು ಬೇರೆ ಇದ್ದರೆ ಸಾಗಣೆಯಲ್ಲಿ ಒಡೆದು ಬದಲಿಸಿರಬಹುದು. ಬಾಗಿಲಿನ ಬೋಲ್ಟಿನ ಪೇಂಟ್ ಕಿತ್ತಿದ್ದರೆ ಬಾಗಿಲು ಬಿಚ್ಚಿ ಹಾಕಿದ್ದಾರೆ. ಎರಡೂ ಕೀ ಕೇಳಿ. ಓಡಿದ ಕಿಲೋಮೀಟರ್ 100 ದಾಟಿದ್ದರೆ ಕಾರಣ ಕೇಳಿ, ಟೆಸ್ಟ್ ಡ್ರೈವಿಗೆ ಓಡಿಸಿದ್ದು ಇರಬಹುದು.

ಗಾಡಿಬೇಕು_ಕೆಎ22
ಚಾಸಿ ನಂಬರ್ ಕೊಟ್ಟಾರ, ಹತ್ತನೇದು ಸರಿ ಐತಿ. ನಾಳೆ ಸಂಜೀಕ ಯಾರ್ಡಿಗೆ ಬರ್ರಿ ಅಂದಾರ.

ಮುಧೋಳ_ರಸ್ತೆ
ಸಂಜೀಕ ಬ್ಯಾಡ್ರಿ, ಮುಂಜಾನೆ ಹತ್ತಕ್ಕ ಹೋಗ್ರಿ. ತೊಳೆದು ಹಸಿ ಗಾಡಿ ತೋರಸ್ತಾರ, ನೀರಿನ್ಯಾಗ ಗೀರು ಕಾಣೂದಿಲ್ಲ. ಬಿಸಲಾಗ ನಿಲ್ಲಿಸಿ, ಪೂರಾ ಒಣಗಿದ ಮ್ಯಾಲೆ ಬಾನೆಟ್ಟಿಗೆ ಕಣ್ಣು ಮಟ್ಟ ಹಚ್ಚಿ ಓರೆಯಾಗಿ ನೋಡ್ರಿ.